ಸೆಟ್ಟೂರಿನ ಅಂಗನವಾಡಿ: ತೋಳಿನ ಪಟ್ಟಿ ಹೇಳುವ ಸುದ್ದಿ

ಸೆಟ್ಟೂರು ಆಂಧ್ರದ ಅನಂತಪುರ ಜಿಲ್ಲೆಯ ಮಂಡಲ. ಕರ್ನಾಟಕದ ಗಡಿ ಇಲ್ಲಿಗೆ ಹತ್ತಿರ. ಮಳೆ ಕಡಿಮೆ, ಶೇಂಗಾ ಮುಖ್ಯ ಬೆಳೆ. ಬೆಳೆ ಕೈಕೊಟ್ಟ ವರ್ಷ ಮಕ್ಕಳ ತಟ್ಟೆಯೂ ಸೊರಗುತ್ತದೆ. ಆಗ ಊರಿನ ಆಸರೆ ಅಂಗನವಾಡಿ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಎಲ್ಲವೂ ಅಂಗನವಾಡಿಯ ಒಂದೇ ಸೂರಿನಡಿ ಬಂದವು. ಆಂಧ್ರ ಸರ್ಕಾರ 2020ರಲ್ಲಿ ‘ಸಂಪೂರ್ಣ ಪೋಷಣ’ ತಂದು, ಗರ್ಭಿಣಿ, ಬಾಣಂತಿ ಮತ್ತು ಆರು ವರ್ಷದೊಳಗಿನ ಮಕ್ಕಳಿಗೆ ಹಾಲು, ಮೊಟ್ಟೆ ಸಹಿತ ಪೂರಕ ಆಹಾರ ನೀಡಿತು.

ಅಪೌಷ್ಟಿಕತೆ ಕಣ್ಣಿಗೆ ಬೀಳುವುದು ತಡವಾಗಿ. ಅದಕ್ಕೇ ಮಗುವಿನ ಎಡತೋಳಿನ ನಡುಭಾಗಕ್ಕೆ ಬಣ್ಣದ ಪಟ್ಟಿ ಸುತ್ತುತ್ತಾರೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು: ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ, ಅದರಾಚೆ ಹಸಿರು. ಕೆಂಪು ಕಂಡ ಮಗುವಿಗೆ ಹಸಿವಿಲ್ಲದಿದ್ದರೆ, ಕಾಲು ಊದಿದ್ದರೆ ಆಸ್ಪತ್ರೆಯೇ ಸರಿ.

ಸರ್ಕಾರದ ಜೊತೆಗೆ ಇನ್ನೊಂದು ಕೈಯೂ ಇದೆ. ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರನ್ನು ಬೆಳೆಸಿದೆ. ಸೆಟ್ಟೂರಿಗೆ ಹತ್ತಿರದ ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ನಡೆಸುತ್ತದೆ.

ದೊಡ್ಡ ಸವಾಲು ಗುಳೆ. ಅಪ್ಪ ಅಮ್ಮ ಕೂಲಿಗೆ ಬೆಂಗಳೂರಿಗೆ ಹೊರಟರೆ ಮಗುವಿನ ತೂಕದ ದಾಖಲೆ ಅಲ್ಲಿಗೇ ನಿಲ್ಲುತ್ತದೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹೆಸರು ವರ್ಗಾಯಿಸಿಕೊಂಡು ಹೊಸ ಊರಿನ ಅಂಗನವಾಡಿಯಲ್ಲೇ ಆಹಾರ ಪಡೆಯಬಹುದು. ಹೊರಡುವ ಮುನ್ನ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ತಾಯಿ-ಮಗು ರಕ್ಷಣಾ ಕಾರ್ಡನ್ನು ಜೊತೆಗೆ ಒಯ್ಯಬೇಕು.