ಸ್ಥಿರೀಕೃತ ಮಣ್ಣಿನ ಬ್ಲಾಕು: ಕಡಿಮೆ ಇಂಧನದಲ್ಲಿ ಸುಭದ್ರ ಗೋಡೆ

ಪೀಠಿಕೆ

ಗೋಡೆಗೆ ಬಳಸುವ ಇಟ್ಟಿಗೆಯನ್ನು ಗೂಡಿನಲ್ಲಿ ಸುಡಲು ಅಪಾರ ಪ್ರಮಾಣದ ಸೌದೆ ಅಥವಾ ಕಲ್ಲಿದ್ದಲು ವ್ಯಯವಾಗುತ್ತದೆ. ಈ ಇಂಧನವನ್ನು ಉಳಿಸುವ ಉದ್ದೇಶದಿಂದ, ಮಣ್ಣನ್ನು ಸುಡದೆಯೇ ಗಟ್ಟಿಗೊಳಿಸುವ ತಂತ್ರಜ್ಞಾನವನ್ನು ಕರ್ನಾಟಕದಲ್ಲಿಯೇ ಅಭಿವೃದ್ಧಿಪಡಿಸಲಾಗಿದೆ. ವಸತಿ ನೆರವಿಗೆ ಅಥವಾ ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಉಪಯುಕ್ತವಾಗುವ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಸಂಶೋಧನೆಯ ಹಿನ್ನೆಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ 'ಅಸ್ತ್ರ' ಕೇಂದ್ರವು ಆರಂಭವಾಯಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಇದರ ಧ್ಯೇಯವಾಗಿತ್ತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಅವರು ಇಲ್ಲಿ ಮಣ್ಣಿನ ಬ್ಲಾಕುಗಳ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಕೈಯಿಂದ ನಡೆಸಬಹುದಾದ ಅಚ್ಚೊತ್ತುವ ಯಂತ್ರವೂ ಇಲ್ಲಿ ರೂಪುಗೊಂಡಿತು. ಇಂತಹ ಬ್ಲಾಕುಗಳಿಗೆ ಐ.ಎಸ್. 1725 ಎಂಬ ಭಾರತೀಯ ಮಾನಕವಿದ್ದು, ಅದನ್ನು 2013ರಲ್ಲಿ ಪರಿಷ್ಕರಿಸಲಾಗಿದೆ.

ಮಣ್ಣು ಗಟ್ಟಿಯಾಗುವ ಬಗೆ

ಹಸಿ ಮಣ್ಣಿನ ಗೋಡೆಯಲ್ಲಿ ಜೇಡಿಯೇ ಅಂಟು. ನೀರು ತಗುಲಿದೊಡನೆ ಜೇಡಿ ಉಬ್ಬಿ ಹಿಡಿತ ಕಳೆದುಕೊಳ್ಳುವುದರಿಂದ ಗೋಡೆ ಕುಸಿಯುತ್ತದೆ. ಈ ದೋಷವನ್ನು ನಿವಾರಿಸಲು ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಹದವಾಗಿ ನೀರು ಸೇರಿಸಿ, ಯಂತ್ರದಲ್ಲಿ ಒತ್ತಲಾಗುತ್ತದೆ. ಸಿಮೆಂಟ್ ಮರಳಿನ ಕಣಗಳನ್ನು ಬಂಧಿಸುತ್ತದೆ. ಒತ್ತಡವು ಕಣಗಳ ನಡುವಿನ ಖಾಲಿ ಜಾಗವನ್ನು ಕಡಿಮೆ ಮಾಡುತ್ತದೆ. ಆದುದರಿಂದ ಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚಾಗಿಯೂ ಜೇಡಿಯ ಅಂಶ ಸುಮಾರು ಶೇ. 10ರಿಂದ 15ರಷ್ಟೂ ಇರುವುದು ಸೂಕ್ತ. ಜೇಡಿ ಹೆಚ್ಚಿದ್ದಲ್ಲಿ ಮರಳನ್ನು ಬೆರೆಸಬೇಕಾಗುತ್ತದೆ. ಉತ್ತರ ಕರ್ನಾಟಕದ ಕಪ್ಪು ಎರೆಮಣ್ಣು ನೀರಿಗೆ ಬಹಳವಾಗಿ ಉಬ್ಬುವುದರಿಂದ ಕೇವಲ ಸಿಮೆಂಟ್ ಸಾಲದು, ಸುಣ್ಣವೂ ಅಗತ್ಯ.

ಇಂಧನ ಉಳಿತಾಯ

ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ ಸುಮಾರು 2,141 ಮೆಗಾಜೌಲ್ ಶಕ್ತಿ ವ್ಯಯವಾಗುತ್ತದೆ. ಶೇ. 6ರಷ್ಟು ಸಿಮೆಂಟ್ ಇರುವ ಮಣ್ಣಿನ ಬ್ಲಾಕಿನ ಗೋಡೆಗೆ ಸುಮಾರು 646 ಮೆಗಾಜೌಲ್ ಸಾಕು. ಆದರೆ ಮಣ್ಣು, ಮರಳನ್ನು ಬಹುದೂರದಿಂದ ಸಾಗಿಸಿದಲ್ಲಿ ಈ ಉಳಿತಾಯ ಕಡಿಮೆಯಾಗುತ್ತದೆ.

ಮನೆ ಕಟ್ಟಿಸುವವರು ಗಮನಿಸಬೇಕಾದ ಅಂಶಗಳು

1. ಬೇರು, ಗೊಬ್ಬರಗಳಿಂದ ಕೂಡಿದ ಮೇಲ್ಮಣ್ಣನ್ನು ಬಳಸಬಾರದು. ತಳಪಾಯ ತೋಡುವಾಗ ದೊರೆಯುವ ಕೆಳಮಣ್ಣು ಸೂಕ್ತವಿದ್ದಲ್ಲಿ ಅದನ್ನೇ ಉಪಯೋಗಿಸಬಹುದು.
2. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಮೊದಲು ತಳಕ್ಕೆ ಇಳಿಯುತ್ತದೆ; ಜೇಡಿ ಕೊನೆಯಲ್ಲಿ ಇಳಿಯುತ್ತದೆ. ಇದರಿಂದ ಮಣ್ಣಿನ ಗುಣದ ಅಂದಾಜು ದೊರೆಯುತ್ತದೆ. ಅಂತಿಮ ತೀರ್ಮಾನಕ್ಕೆ ಪ್ರಯೋಗಾಲಯದ ಪರೀಕ್ಷೆ ಅವಶ್ಯಕ.
3. ನೀರು ಸೇರಿಸಿದ ಮಿಶ್ರಣವನ್ನು ಅರ್ಧ ಗಂಟೆಯೊಳಗಾಗಿ ಅಚ್ಚೊತ್ತಿ ಮುಗಿಸಬೇಕು.
4. ಬ್ಲಾಕುಗಳನ್ನು ನೆರಳಿನಲ್ಲಿ ಜೋಡಿಸಿ, ಹುಲ್ಲು ಅಥವಾ ಗೋಣಿತಾಟು ಹೊದಿಸಿ, 21ರಿಂದ 28 ದಿನಗಳವರೆಗೆ ನೀರುಣಿಸಬೇಕು. ಅವಸರದಿಂದ ಈ ಹಂತವನ್ನು ಮೊಟಕುಗೊಳಿಸಿದಲ್ಲಿ ಬ್ಲಾಕು ಎಂದಿಗೂ ಪೂರ್ಣ ಬಲ ಪಡೆಯುವುದಿಲ್ಲ.
5. ಖರೀದಿಸುವಾಗ ಒಣಗಿದ ಬ್ಲಾಕಿನ ಗಡಸುತನವನ್ನಷ್ಟೇ ನಂಬಬಾರದು. ನೀರಿನಲ್ಲಿ ನೆನೆದ ಬ್ಲಾಕಿನ ಬಲವೇ ನಿಜವಾದ ಅಳತೆ. ಸಿಮೆಂಟ್ ಸೇರದ ಬ್ಲಾಕು ನೀರಿನಲ್ಲಿ ಕರಗಿ ಕೆಸರಾಗುತ್ತದೆ. ಪರೀಕ್ಷಾ ವರದಿಯನ್ನು ಕೇಳಿ ಪಡೆಯುವುದು ಒಳಿತು.

ಮಿತಿಗಳು

ಎರಡು ಅಂತಸ್ತಿನವರೆಗಿನ ಮನೆಗಳಲ್ಲಿ ಕಾಂಕ್ರೀಟ್ ಕಂಬಗಳಿಲ್ಲದೆ, ಭಾರ ಹೊರುವ ಗೋಡೆಗಳಿಗೆ ಈ ಬ್ಲಾಕುಗಳನ್ನು ಬಳಸಲಾಗಿದೆ. ಆದರೂ ಗೋಡೆಯ ದಪ್ಪ ಮತ್ತು ಬ್ಲಾಕಿನ ಬಲವನ್ನು ಅರ್ಹ ಎಂಜಿನಿಯರರೇ ನಿರ್ಧರಿಸಬೇಕು. ನೆಲದ ತೇವ ತಗುಲುವ ತಳಪಾಯಕ್ಕೆ ಕಲ್ಲನ್ನು ಬಳಸುವುದು ಸೂಕ್ತ. ಮಳೆ ಹೆಚ್ಚಿರುವ ಮಲೆನಾಡು ಮತ್ತು ಕರಾವಳಿಯಲ್ಲಿ ಸೂರಿನ ಚಾಚು ಅಗಲವಾಗಿರಬೇಕು ಅಥವಾ ಹೊರಗೋಡೆಗೆ ಗಿಲಾವು ಮಾಡಿಸಬೇಕು.

ನಿರ್ಮಾಣ ಆರಂಭಿಸುವ ಮುನ್ನ ಸಾರ್ವಜನಿಕರು ತಮ್ಮ ಜಿಲ್ಲೆಯ ನಿರ್ಮಿತಿ ಕೇಂದ್ರ ಅಥವಾ ಸ್ಥಳೀಯ ಸಂಸ್ಥೆಯ ಎಂಜಿನಿಯರರನ್ನು ವಿಚಾರಿಸಿ ಮುಂದುವರಿಯುವುದು ಸೂಕ್ತವಾಗಿರುತ್ತದೆ.