ಗಿಡದ ಹತ್ತಿರಕ್ಕೇ ನಡೆಸಿಕೊಂಡು ಹೋದ ಮೇಷ್ಟ್ರು

ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಹೆಸರು ಎಲ್ಲರಿಗೂ ಗೊತ್ತು. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರು (1918–1980) ಮಾತ್ರ ನಮ್ಮಂಥ ಬೇಸಾಯಗಾರರಿಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಿರಬೇಕಾದವರು. ಯಾಕಂದರೆ ಅವರ ಕಸುಬೇ ಗಿಡ.

ಸ್ವಾಮಿಯವರು ಸಸ್ಯಶಾಸ್ತ್ರದ ಮೇಷ್ಟ್ರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಎಂಬ ವಿಜ್ಞಾನಿಯ ಜೊತೆ ಸಂಶೋಧನೆ ಮಾಡಿ ಬಂದು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿದರು. ಅಲ್ಲೇ ಪ್ರಿನ್ಸಿಪಾಲರೂ ಆದರು. ತಾವು ಹೊಸದಾಗಿ ಗುರುತಿಸಿದ ಒಂದು ಗಿಡಕ್ಕೆ ಆ ಬೈಲಿಯವರ ಹೆಸರನ್ನೇ ಇಟ್ಟರು. ಗುರುದಕ್ಷಿಣೆ ಅಂದರೆ ಇದು.

ಇಷ್ಟೇ ಆಗಿದ್ದರೆ ನಾನು ಬರೀತಿರಲಿಲ್ಲ. ಅವರು ಹುಡುಗರನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಬೆಟ್ಟ ಸುತ್ತಿದವರು. ಆ ತಿರುಗಾಟವನ್ನೇ 'ಹಸುರು ಹೊನ್ನು' ಅಂತ ಪುಸ್ತಕ ಮಾಡಿದರು. ಗಿಡದ ಗುರುತು, ಉಪಯೋಗ, ಹಳೇ ಕಾವ್ಯದಲ್ಲಿ ಅದರ ಮಾತು, ನಡುವೆ ಹುಡುಗರ ತಮಾಷೆ, ಎಲ್ಲಾ ಅದರಲ್ಲಿದೆ. ಚಿತ್ರಗಳನ್ನೂ ಅವರೇ ಬರೆದದ್ದು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಏಳನೇ ಕ್ಲಾಸು ಓದಿದ ನಾನೂ ಓದಿ ನಕ್ಕಿದ್ದೀನಿ.

ನಮಗೆ ಇನ್ನೂ ಹತ್ತಿರದ್ದು ಅವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಹೆಸರಲ್ಲೇ ವಿಷಯ ಇದೆ. ಕೋಲಾರದ ಮಂಡಿಗೆ ನಾವು ಹೊರುವ ಟೊಮೇಟೊ, ಮಳೆ ನಂಬಿ ಬಿತ್ತುವ ಕಡಲೆಕಾಯಿ, ಆಲೂಗಡ್ಡೆ, ಹಸಿಮೆಣಸಿನಕಾಯಿ ಇವೆಲ್ಲಾ ಸಮುದ್ರ ದಾಟಿ ಬಂದ ನೆಂಟರು. ಅದಕ್ಕೂ ಮುಂಚೆ ನಮ್ಮವರು ಖಾರಕ್ಕೆ ಹಾಕುತ್ತಿದ್ದದ್ದು ಕಾಳುಮೆಣಸು. ನಾವು ಕೂಲಿ ಕೊಟ್ಟು ಕೀಳಿಸುವ ಕಾಂಗ್ರೆಸ್ ಗಿಡವೂ ಅಮೆರಿಕ ಖಂಡದ್ದೇ. ರಾಗಿಯ ತವರು ಪೂರ್ವ ಆಫ್ರಿಕ ಅಂತಾರೆ ತಿಳಿದವರು. ಅದು ಬಂದು ಸಾವಿರಾರು ವರ್ಷ ಆಯಿತು, ಮಗಳಂಗೆ ಮನೆಯವಳೇ ಆಗೋದಳು.

ಹಂಗಾದರೆ ನಮ್ಮ ನೆಲದಲ್ಲಿ ತಾನಾಗಿ ಹುಟ್ಟೋದು ಯಾವುದು? ಬದುವಿನ ಮೇಲೆ ನೋಡಿ. ತುಂಬೆ, ಉತ್ತರಾಣಿ, ಗರಿಕೆ, ತಂಗಡಿ, ಅಣ್ಣೆ, ಗೋಣಿ, ಹೊನಗೊನೆ. ಬೂದಿಕೋಟೆ ಕಡೆ ಮಳೆ ಬಿದ್ದ ಹದಿನೈದು ದಿನಕ್ಕೆ ಬೆರಕೆ ಸೊಪ್ಪು ಏಳ್ತದೆ. ನಮ್ಮಮ್ಮ ಮಡಿಲಲ್ಲಿ ಹತ್ತು ಹನ್ನೆರಡು ಥರ ಕಿತ್ತು ತರೋರು. ಕಾಸು ಕೊಡದೆ ಸಾರು, ಮುದ್ದೆ ಆಗೋದು.

ಈಗ ಬದುವಿಗೆ ಕಳೆನಾಶಕ ಹೊಡೀತೀವಿ. ಕೂಲಿ ದುಬಾರಿ, ಅದೂ ನಿಜವೇ. ಆದರೆ ಹೊಡೆಯೋ ಹುಡುಗನಿಗೆ ಅಣ್ಣೆಸೊಪ್ಪೂ ಒಂದೇ, ಕಾಂಗ್ರೆಸ್ ಗಿಡವೂ ಒಂದೇ. ಎರಡಕ್ಕೂ ಅವನ ಹತ್ತಿರ ಇರೋದು 'ಕಳೆ' ಅನ್ನೋ ಒಂದೇ ಹೆಸರು. ಹೆಸರು ಗೊತ್ತಿದ್ದರೆ ಕೈ ಒಂದು ಗಳಿಗೆ ತಡೀತದೆ. ಸ್ವಾಮಿಯಂಥ ಮೇಷ್ಟ್ರು ಕಾಡಿಗೆ ನಡೆಸಿಕೊಂಡು ಹೋಗಿ ಕಲಿಸಿದ್ದು ಇದನ್ನೇ ಅಂತ ನನ್ನ ಎಣಿಕೆ. ಮೊದಲು ಗುರುತು, ಆಮೇಲೆ ತೀರ್ಮಾನ.

ಹೋದ ಮಳೆಗಾಲದಲ್ಲಿ ಮೊಮ್ಮಗಳನ್ನೂ ಅವಳ ಜೊತೆಯ ನಾಲ್ಕು ಮಕ್ಕಳನ್ನೂ ನಮ್ಮ ಎರಡೂವರೆ ಎಕರೆಯ ಬದು ಸುತ್ತಿಸಿದೆ. ನನ್ನ ಹೆಂಡತಿ ಹೆಸರು ಹೇಳಿದಳು, ಮಕ್ಕಳು ಬರೆದುಕೊಂಡರು. ಲೆಕ್ಕಕ್ಕೆ ಸಿಕ್ಕಿದ್ದು ಮೂವತ್ತೊಂದು ಗಿಡ. ಅದರಲ್ಲಿ ಏಳಕ್ಕೆ ಅವಳಿಗೂ ಹೆಸರು ತಿಳೀಲಿಲ್ಲ. ನಮ್ಮಮ್ಮನಿಗೆ ತಿಳಿದಿತ್ತೇನೋ, ಈಗ ಕೇಳೋಣ ಅಂದರೆ ಅವರಿಲ್ಲ. ಪಟ್ಟಿ ನೋಡಿದ ಮಗ ಈ ಸಲ ಬದುವಿಗೆ ಔಷಧಿ ಬಿಡಲಿಲ್ಲ. ಕುಡುಗೋಲಲ್ಲಿ ಕುಯ್ದು ಹಸುವಿಗೆ ಹಾಕಿದ.

ನೀವೂ ಮಾಡಿ ನೋಡಿ. ಮಳೆ ಬಿದ್ದು ಇಪ್ಪತ್ತು ದಿನಕ್ಕೆ, ಊರಿನ ಹಿರೀ ಹೆಂಗಸರೊಬ್ಬರನ್ನು ಮುಂದೆ ಬಿಟ್ಟುಕೊಂಡು ಮಕ್ಕಳ ಜೊತೆ ನಡೀರಿ. ಗಿಡ, ಹೆಸರು, ಉಪಯೋಗ ಅಂತ ಮೂರು ಕಲಂ ಹಾಕಿ ಬರೆಸಿ. ಔಷಧಿ ಹೊಡೆದ ಕಡೆಯ ಸೊಪ್ಪು ಮುಟ್ಟಬೇಡಿ. ಗುರುತು ಸಿಗದ್ದನ್ನು ತಿನ್ನಬೇಡಿ. ಶಾಲೆಯ ಮೇಷ್ಟ್ರು ಜೊತೆಗೆ ಬಂದರೆ ಇನ್ನೂ ಒಳ್ಳೇದು. ಖರ್ಚು ಅಂದರೆ ಒಂದು ನೋಟ್ ಬುಕ್ಕು.