ಹಳೆ ಕಂಪ್ಯೂಟರ್ ಯಾಕೆ ಗೊರಗುಟ್ಟುತ್ತದೆ?

ಇಂದು ಕಡೂರು, ತರೀಕೆರೆಗಳಲ್ಲಿ, ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿಗಳ ಹೊಟ್ಟೆಪಾಡು ನಡೆಯುವುದೇ ಡೆಸ್ಕ್‌ಟಾಪ್ ಮೇಲೆ. ಬಯಲುಸೀಮೆಯ ಬೇಸಿಗೆಯ ಧೂಳು ಕುಡಿದು ಹತ್ತು ವರ್ಷ ದುಡಿದ ಯಂತ್ರ ಒಂದು ದಿನ ಸದ್ದು ಶುರುಮಾಡುತ್ತದೆ. ಸದ್ದು ಜೋರಾದಷ್ಟೂ ರೋಗ ದೊಡ್ಡದು ಎಂದು ಹೆಚ್ಚಿನವರು ಹೆದರುತ್ತಾರೆ. ವಾಸ್ತವ ಬಹುಪಾಲು ಇದಕ್ಕೆ ತಿರುಗುಮುರುಗು.

ಕಿವಿಗಡಚಿಕ್ಕುವ ಸದ್ದು ಸಾಮಾನ್ಯವಾಗಿ ಫ್ಯಾನಿನದು. ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಕಟ್ಟಿಕೊಂಡರೆ ಶಾಖ ಹೊರಹೋಗುವುದಿಲ್ಲ. ಮದರ್‌ಬೋರ್ಡ್ ಅದನ್ನು ಅಳೆದು ಫ್ಯಾನಿನ ವೇಗ ಏರಿಸುತ್ತದೆ. ಆಗ ಕೇಳುವ ‘ಗುಂಯ್’ ಫ್ಯಾನ್ ಕೆಟ್ಟ ಸದ್ದಲ್ಲ. ತನ್ನ ಕೆಲಸವನ್ನು ಮೈಮುರಿದು ಮಾಡುತ್ತಿರುವ ಸದ್ದು. ಧೂಳು ಊದಿ ತೆಗೆದರೆ ಇಳಿಯುತ್ತದೆ. ಊದುವಾಗ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು. ಬೆಳಿಗ್ಗೆ ಆನ್ ಮಾಡಿದಾಗ ‘ಗೊರಗೊರ’ ಎಂದು, ಸ್ವಲ್ಪ ಹೊತ್ತಿಗೆ ಸುಮ್ಮನಾಗುವುದು ಬೇರೆ ಕಥೆ. ಬೇರಿಂಗಿನ ಎಣ್ಣೆ ಒಣಗಿದೆ, ಬಿಸಿಯಾದ ಮೇಲೆ ಅಷ್ಟಿಷ್ಟು ಸಡಿಲಾಗುತ್ತಿದೆ ಎಂದರ್ಥ. ಅಂಥ ಫ್ಯಾನನ್ನು ಬದಲಿಸುವುದೇ ಲೇಸು, ಖರ್ಚೂ ದೊಡ್ಡದಲ್ಲ. ಇನ್ನು ‘ಟರಟರ’ ಎಂದರೆ ಯಾವುದೋ ವೈರು ರೆಕ್ಕೆಗೆ ತಾಗುತ್ತಿದೆ, ಅಷ್ಟೇ.

ಪರದೆ ಕತ್ತಲಾಗಿದ್ದು ಬೀಪ್ ಬೀಪ್ ಎಂದು ಕೂಗಿದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಕರೆಂಟು ತೆಗೆದು, ರ‍್ಯಾಮ್ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಿದರೆ ಎಷ್ಟೋ ಯಂತ್ರಗಳು ಏಳುತ್ತವೆ.

ನಾನು ನಿಜಕ್ಕೂ ಹೆದರುವುದು ಒಂದೇ ಸದ್ದಿಗೆ: ಹಾರ್ಡ್ ಡಿಸ್ಕ್‌ನಿಂದ ಬರುವ, ಲಯಬದ್ಧವಾದ ಮೆಲ್ಲನೆಯ ‘ಟಕ್… ಟಕ್…’. ಡೆಸ್ಕ್‌ಟಾಪ್‌ನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ತಲೆ ಅದರ ಮೇಲ್ಮೈಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಆ ಸಂದಿಗೆ ಧೂಳಿನ ಕಣವೂ ಬಂಡೆಗಲ್ಲು. ತಲೆಗೆ ದಾರಿ ತೋರುವ ಗುರುತುಗಳು ಡಿಸ್ಕ್‌ನಲ್ಲೇ ಬರೆದಿರುತ್ತವೆ. ಅವು ಸಿಗದಾದಾಗ ತಲೆ ಹಿಂದಕ್ಕೆ ಸರಿದು ಮತ್ತೆ ಹುಡುಕುತ್ತದೆ, ಸಿಗದೆ ಮತ್ತೆ ಮರಳುತ್ತದೆ. ನಮಗೆ ಕೇಳುವ ಟಕ್ ಎಂಬುದು ಆ ಓಡಾಟ. ಪ್ರತಿ ಪ್ರಯತ್ನದಲ್ಲೂ ತಲೆ ಮೇಲ್ಮೈಯನ್ನು ಗೀರುವ ಅಪಾಯವಿದೆ. ಗಿರಾಕಿಗಳ ಅರ್ಜಿ, ಲಗ್ನಪತ್ರಿಕೆ, ಮಕ್ಕಳ ಫೋಟೊ ಎಲ್ಲ ಅಲ್ಲೇ ಇರುತ್ತವೆ. ಆದ್ದರಿಂದ ಸ್ಕ್ಯಾನ್, ಫಾರ್ಮ್ಯಾಟ್ ಎಂದು ಕೈಹಾಕಬೇಡಿ. ಫೈಲುಗಳು ಇನ್ನೂ ತೆರೆಯುತ್ತಿದ್ದರೆ ಮುಖ್ಯವಾದವನ್ನು ಮೊದಲು ನಕಲು ಮಾಡಿಕೊಳ್ಳಿ. ತೆರೆಯದಿದ್ದರೆ ತಕ್ಷಣ ಆಫ್ ಮಾಡಿ, ಡೇಟಾ ರಿಕವರಿ ಬಲ್ಲವರ ಕೈಗೆ ಕೊಡಿ.

ಸದ್ದು ಎಲ್ಲಿಂದ ಎಂದು ತಿಳಿಯದಿದ್ದರೆ ಉದ್ದನೆಯ ಕಾಗದದ ಸುರುಳಿಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ತಿರುಗುವ ಭಾಗಗಳಿಗೆ ತಾಗದಂತೆ ಹತ್ತಿರ ಒಯ್ಯಿರಿ. ಮೂಲ ಸ್ಪಷ್ಟವಾಗಿ ಕೇಳುತ್ತದೆ. ಅದು ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಡಬ್ಬದೊಳಗೆ ಎಂದು ಗೊತ್ತಾದರೆ ಮಾತ್ರ ಬಿಚ್ಚಲು ಹೋಗಬೇಡಿ. ನಮ್ಮ 230 ವೋಲ್ಟ್ ಕರೆಂಟು ಅದರ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿಯಬಹುದು. ಆ ಡಬ್ಬವನ್ನು ಇಡಿಯಾಗಿ ಬದಲಿಸಿಬಿಡಿ.